ಕುಡಿತ ಬಿಟ್ಟವರ ಸಭೆ: ನಿಮಗೆ ಹೊಂದುವುದನ್ನು ಹುಡುಕುವುದು ಹೇಗೆ?

‘ಅಲ್ಲಿ ನಮ್ಮ ಓಣಿಯವರು ಯಾರಾದರೂ ಸಿಕ್ಕರೆ?’ ಎಂಬ ಅಳುಕಿಗೇ ಎಷ್ಟೋ ಮಂದಿ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಾರೆ. ಸಿಗಬಹುದು. ಆದರೆ ಅವರೂ ನಿಮ್ಮಂತೆಯೇ ಕುಡಿತ ಬಿಡಲು ಬಂದವರು. ಊರಿಗೆಲ್ಲ ಹೇಳಿದರೆ ಅವರ ಗುಟ್ಟೂ ರಟ್ಟಾಗುತ್ತದೆ.

ಸಭೆ ಹುಡುಕುವ ಮುನ್ನ ವೈದ್ಯರನ್ನು ಕಾಣಬೇಕು. ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಏಳುತ್ತಲೇ ಕೈ ನಡುಗುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಬಡಬಡಿಸುವ ಸ್ಥಿತಿ ಉಂಟಾಗಬಹುದು. ಅದು ಜೀವಕ್ಕೇ ಅಪಾಯ, ಮನೋಬಲದಿಂದ ಗೆಲ್ಲುವಂಥದ್ದಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಆಸ್ಪತ್ರೆ, ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯರನ್ನು ಮೊದಲು ಭೇಟಿಯಾಗಿ. ಸಭೆಯ ವಿಳಾಸ ಕೇಳಲೂ ಅದೇ ಸರಿಯಾದ ಜಾಗ. ಅಲ್ಲಿನ ಆಪ್ತ ಸಮಾಲೋಚಕರಿಗೆ ಹತ್ತಿರದ ಗುಂಪುಗಳ ಪರಿಚಯವಿರುವುದುಂಟು.

ಗುಂಪುಗಳಲ್ಲಿ ಹೆಚ್ಚು ಹೆಸರಾದದ್ದು ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ‘ಎ.ಎ.’. 1935ರಲ್ಲಿ ಅಮೆರಿಕದ ಆಕ್ರಾನ್ ನಗರದಲ್ಲಿ ಷೇರುಪೇಟೆಯ ಒಬ್ಬರು ಮತ್ತು ಶಸ್ತ್ರವೈದ್ಯರೊಬ್ಬರು, ಇಬ್ಬರೂ ಕುಡಿತಕ್ಕೆ ಸಿಕ್ಕವರು, ಸೇರಿ ಆರಂಭಿಸಿದ ಕೂಟವಿದು. ಪ್ರವೇಶ ಶುಲ್ಕವಿಲ್ಲ, ಕುಡಿತ ನಿಲ್ಲಿಸುವ ಬಯಕೆಯೊಂದೇ ಅರ್ಹತೆ. ನಮ್ಮ ಹಳ್ಳಿಗಳಿಗೆ ಇನ್ನೊಂದು ದಾರಿಯೂ ಪರಿಚಿತ: ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮತ್ತು ಶಿಬಿರ ಮುಗಿಸಿದವರ ನವಜೀವನ ಸಮಿತಿ. ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಇಳಕಲ್ಲಿನ ಸ್ವಾಮೀಜಿ ಮಹಾಂತ ಶಿವಯೋಗಿಗಳ ಜೋಳಿಗೆಗೆ ಚಟ ಹಾಕಿ ಬಂದವರ ಕತೆ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅವರ ಜನ್ಮದಿನ ಆಗಸ್ಟ್ 1 ಅನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಜೋಳಿಗೆಗೆ ಹಾಕುವುದು ಒಂದು ಗಳಿಗೆಯ ಕೆಲಸ. ಮರುದಿನ ಸಂಜೆ ಅದೇ ಚಟ ನೆನಪಾದಾಗ ಪಕ್ಕದಲ್ಲಿ ಕೂರಲು ಯಾರಾದರೂ ಬೇಕು. ಸಭೆ ಇರುವುದು ಅದಕ್ಕೆ.

ಹೀಗಾಗಿ ನನ್ನ ಮಟ್ಟಿಗೆ ಸಭೆಯ ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ನಿಮಗೆ ಕುಡಿಯಬೇಕೆನಿಸುವುದು ಯಾವಾಗ? ಅಂಗಡಿ ಬಾಗಿಲು ಹಾಕಿದ ಮೇಲೋ, ಸಂತೆಯ ದಿನವೋ, ಪಗಾರದ ದಿನವೋ? ಆ ಹೊತ್ತಿಗೆ, ಇಲ್ಲವೇ ಅದಕ್ಕೆ ತುಸು ಮೊದಲು ನಡೆಯುವ ಸಭೆಯನ್ನು ಹುಡುಕಿ. ಕುಡಿಯುವ ಗೆಳೆಯರು ಸೇರುವ ಹೊತ್ತಿಗೆ ನೀವು ಬೇರೆಡೆ ಕುಳಿತಿದ್ದರೆ ಅರ್ಧ ಕೆಲಸ ಆದಂತೆಯೇ.

ಆಮೇಲೆ ಸ್ಥಳ. ಗುರುತು ಸಿಕ್ಕೀತೆಂಬ ಭಯ ಬಿಡದಿದ್ದರೆ ಹುಬ್ಬಳ್ಳಿಯವರು ಧಾರವಾಡದ ಸಭೆಗೆ, ಧಾರವಾಡದವರು ಹುಬ್ಬಳ್ಳಿಯ ಸಭೆಗೆ ಹೋಗಬಹುದು. ನಡುವಿನ ದೂರ ಸುಮಾರು 20 ಕಿಲೋಮೀಟರ್, ಚಿಗರಿ ಬಸ್ಸಿದೆ. ಆದರೆ ದೂರ ಎಂಬುದು ಮಳೆ ಬಂದ ದಿನ ಒಳ್ಳೆಯ ನೆಪವೂ ಆಗುತ್ತದೆ. ಮನೆಯ ಹತ್ತಿರದ ಸಭೆಯೊಂದನ್ನೂ ಗೊತ್ತುಮಾಡಿಟ್ಟುಕೊಳ್ಳಿ. ಗದಗ, ಹಾವೇರಿಯ ತಾಲ್ಲೂಕುಗಳಲ್ಲಿ ಹತ್ತಿರ ಗುಂಪು ಸಿಗದವರು ವಾರಕ್ಕೊಮ್ಮೆ ದೊಡ್ಡ ಊರಿಗೆ ಹೋಗಿ, ಉಳಿದ ದಿನ ಮೊಬೈಲ್‌ನಲ್ಲೇ ನಡೆಯುವ ಸಭೆಗೆ ಸೇರಬಹುದು.

ವಿಳಾಸ ಸಿಕ್ಕ ಮಾತ್ರಕ್ಕೆ ಹೊರಡಬೇಡಿ. ಸಭೆಯ ಜಾಗ ಬದಲಾಗುತ್ತಿರುತ್ತದೆ. ಮೊದಲು ಫೋನ್ ಮಾಡಿ, ಕನ್ನಡದಲ್ಲಿ ನಡೆಯುತ್ತದೆಯೇ ಎಂದು ಕೇಳಿ. ಎಲ್ಲರಿಗೂ ಪ್ರವೇಶವಿರುವ ಮುಕ್ತ ಸಭೆಯೋ, ಕುಡಿತದ ಸಮಸ್ಯೆ ಇರುವವರಿಗಷ್ಟೇ ಮೀಸಲೋ ಎಂದು ತಿಳಿದುಕೊಳ್ಳಿ. ಹೆಂಡತಿಯನ್ನೋ ಅಣ್ಣನನ್ನೋ ಜೊತೆಗೆ ಕರೆದೊಯ್ಯುವುದಾದರೆ ಮುಕ್ತ ಸಭೆಯೇ ಆಗಬೇಕು. ಹೆಣ್ಣುಮಕ್ಕಳು ತಮಗಾಗಿಯೇ ಸಭೆ ಇದೆಯೇ, ಇಲ್ಲದಿದ್ದರೆ ಬೇರೆ ಮಹಿಳೆಯರು ಬರುತ್ತಾರೆಯೇ ಎಂದು ವಿಚಾರಿಸಲು ಸಂಕೋಚ ಪಡಬೇಕಿಲ್ಲ. ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ. ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಎರಡಕ್ಕೂ ಹಣ ಕೊಡಬೇಕಿಲ್ಲ.

ಮೊದಲ ದಿನ ಹತ್ತು ನಿಮಿಷ ಮುಂಚೆ ಹೋಗಿ. ಒಬ್ಬೊಬ್ಬರೂ ತಮ್ಮ ಅನುಭವ ಹೇಳುತ್ತಾರೆ. ನಡುವೆ ಬಾಯಿ ಹಾಕುವವರಿಲ್ಲ, ಬುದ್ಧಿವಾದ ಹೇಳುವವರಿಲ್ಲ. ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದು ಸುಮ್ಮನೆ ಕೂರಬಹುದು. ಕಾಣಿಕೆ ಡಬ್ಬಿ ಬಂದರೆ ಹಾಕಲೇಬೇಕೆಂದಿಲ್ಲ. ಒಂದೇ ಸಭೆ ನೋಡಿ ‘ಇದು ನಮಗಲ್ಲ’ ಎನ್ನಬೇಡಿ. ಗುಂಪಿನಿಂದ ಗುಂಪಿಗೆ ಸ್ವಭಾವವೇ ಬೇರೆ. ನಾಲ್ಕಾರು ಸಲ ಹೋಗಿ, ಬೇರೆ ಗುಂಪನ್ನೂ ನೋಡಿ. ಹೊರಡುವಾಗ ಇಬ್ಬರ ಫೋನ್ ಸಂಖ್ಯೆ ಪಡೆದುಕೊಳ್ಳಿ. ಕರೆ ಮಾಡಬೇಕಾದದ್ದು ಕುಡಿಯುವ ಮುಂಚೆ. ಕುಡಿದ ಮೇಲೆ ಮಾಡುವ ಕರೆಗಳ ಪಾಡು ಎಲ್ಲರಿಗೂ ಗೊತ್ತು.

ಒಂದೇ ವಾರದಲ್ಲಿ ಬಿಡಿಸುವ ಖಾತ್ರಿ ಕೊಟ್ಟು ಮುಂಗಡ ಕೇಳುವವರಿಂದ ದೂರವಿರಿ. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎಂದು ಪುಡಿ ಮಾರುವವರಿಂದ ಇನ್ನೂ ದೂರ. ಅದರಲ್ಲಿ ಡೈಸಲ್ಫಿರಾಮ್‌ನಂಥ ಔಷಧವಿದ್ದರೆ, ತಿಳಿಯದೆ ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು.

ಮನೆಯವರಿಗೆ ಆಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಕುಡಿಯುವವರು ಸಭೆಗೆ ಬರಲಿ ಬಿಡಲಿ, ಮನೆಯವರು ಅಲ್ಲಿಗೆ ಹೋಗಬಹುದು.

ನಡುವೆ ಒಂದು ದಿನ ಕುಡಿದುಬಿಟ್ಟರೆ? ಮುಂದಿನ ಸಭೆಗೆ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿ. ಹೆಸರು ಹೊಡೆದುಹಾಕಲು ಎ.ಎ.ಯಲ್ಲಿ ಹಾಜರಿ ಪುಸ್ತಕವೇ ಇಲ್ಲ.