ಸಮಾಜದ ಕೆಲಸಕ್ಕೆ ಓದುವ ಮುನ್ನ: ಮೊದಲು ಸಂಬಳದ ಲೆಕ್ಕ, ಆಮೇಲೆ ಅರ್ಜಿ

ಮೊದಲ ಸಲ ನಾನು ಆರು ಯೂನಿವರ್ಸಿಟಿಗಳಿಗೆ ಅರ್ಜಿ ಹಾಕಿದೆ. ನಾಲ್ಕರಲ್ಲಿ ಸೀಟು ಸಿಕ್ಕಿತು. ಒಂದಕ್ಕೂ ಹೋಗಲಿಲ್ಲ. ಆರು ಅರ್ಜಿಗಳ ಶುಲ್ಕ, ಎರಡು ಪರೀಕ್ಷೆಗಳ ಫೀಸು, ಅಂಕಪಟ್ಟಿ ಕಳಿಸಿದ ಖರ್ಚು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ದುಡ್ಡು ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆಯನ್ನು ನಾನು ಸೀಟು ಸಿಕ್ಕ ಮೇಲೆ ಕೇಳಿಕೊಂಡಿದ್ದೆ. ಮಾರನೇ ವರ್ಷ ಅದನ್ನೇ ಮೊದಲು ಕೇಳಿಕೊಂಡೆ. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದೆ. ಸಾಲ ಮಾಡಿದೆ, ಆದರೆ ನಿದ್ದೆ ಕೆಡಿಸುವಷ್ಟಲ್ಲ.

ಹಾಗಾಗಿ ನಾನು ಹೇಳುವ ಕ್ರಮ ಸ್ವಲ್ಪ ತಲೆಕೆಳಗಾಗಿ ಕಾಣಬಹುದು. ಓದಿನ ಕೊನೆಯಿಂದ ಶುರು ಮಾಡಿ.

ಓದು ಮುಗಿದು ಮೂರು ವರ್ಷದ ನಂತರ ನೀವು ಯಾವ ಕುರ್ಚಿಯಲ್ಲಿ ಕೂತಿರಬೇಕು? ಅಂಥ ಹತ್ತು ಕೆಲಸಗಳ ಜಾಹೀರಾತು ಹುಡುಕಿ. ಕೇಳಿರುವ ಪದವಿ, ಅನುಭವ, ಸಂಬಳ, ಈ ಮೂರನ್ನು ಮಾತ್ರ ಬರೆದುಕೊಳ್ಳಿ. ನಾನು ಸಾರ್ವಜನಿಕ ನೀತಿ ಓದಬೇಕು ಅಂತ ಹಟ ಹಿಡಿದಿದ್ದೆ. ನನಗೆ ಇಷ್ಟವಾದ ಹತ್ತು ಕೆಲಸಗಳಲ್ಲಿ ಏಳು ಕಡೆ ಕೇಳಿದ್ದು ಅಂಕಿಅಂಶ ಗೊತ್ತಿರುವ ಆರೋಗ್ಯದವರನ್ನು. ಎರಡು ಕಡೆ ಸ್ನಾತಕೋತ್ತರ ಪದವಿಯನ್ನೇ ಕೇಳಿರಲಿಲ್ಲ! ಒಂದು ಸಂಜೆಯಲ್ಲಿ ನನ್ನ ದಾರಿ ಬದಲಾಯಿತು.

ಹೊರಗಿನಿಂದ ನೋಡಿದರೆ ಈ ಕೋರ್ಸುಗಳೆಲ್ಲ ಒಂದೇ ಥರ ಕಾಣುತ್ತವೆ. ಒಳಗೆ ಹೋದರೆ ಬೇರೆ ಬೇರೆ ಲೋಕ. ಸಾರ್ವಜನಿಕ ಆರೋಗ್ಯ ಅಂದರೆ ರೋಗ ಹರಡುವ ಬಗೆ ಮತ್ತು ಅದರ ಲೆಕ್ಕ. ಸಾರ್ವಜನಿಕ ನೀತಿ ಅಂದರೆ ಅರ್ಥಶಾಸ್ತ್ರ ಮತ್ತೆ ಅರ್ಥಶಾಸ್ತ್ರ. ಹಾರ್ವರ್ಡ್‌ನ ಕೆನಡಿ ಸ್ಕೂಲಿನಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಕುರಿತ ಕೋರ್ಸಿದೆ. ಅದಕ್ಕೆ ಸೇರಬೇಕಾದರೆ ಕ್ಯಾಲ್ಕುಲಸ್ ಓದಿರಲೇಬೇಕು. ಅಭಿವೃದ್ಧಿ ಅಧ್ಯಯನದಲ್ಲಿ ಓದು, ವಾದ, ಬರವಣಿಗೆ ಜಾಸ್ತಿ. ಸಮಾಜ ಕಾರ್ಯದಲ್ಲಿ ಅರ್ಧ ಓದು, ಅರ್ಧ ಕ್ಷೇತ್ರಕಾರ್ಯ. ಅಮೆರಿಕದಲ್ಲಿ ಮಾನ್ಯತೆ ಇರುವ ಎಂ.ಎಸ್.ಡಬ್ಲ್ಯು. (ಸಮಾಜ ಕಾರ್ಯದ ಸ್ನಾತಕೋತ್ತರ) ಪದವಿಗೆ ಕನಿಷ್ಠ 900 ಗಂಟೆ ಕ್ಷೇತ್ರಕಾರ್ಯ ಮಾಡಬೇಕು. ಹೆಚ್ಚಿನ ಕಡೆ ಅದಕ್ಕೆ ಸಂಬಳವಿಲ್ಲ. ಅಂದರೆ ಆ ಗಂಟೆಗಳಲ್ಲಿ ಬೇರೆ ಕೆಲಸ ಮಾಡಿ ದುಡಿಯುವ ಹಾಗೂ ಇಲ್ಲ. ಫೀಸಿನ ಪಟ್ಟಿಯಲ್ಲಿ ಈ ಖರ್ಚು ಕಾಣುವುದಿಲ್ಲ, ಆದರೆ ಇದೂ ಖರ್ಚೇ. ಅಲ್ಲೇ ಬಿ.ಎಸ್.ಡಬ್ಲ್ಯು., ಅಂದರೆ ಸಮಾಜ ಕಾರ್ಯದಲ್ಲೇ ಮೊದಲ ಪದವಿ ಮಾಡಿದವರಿಗೆ ಇನ್ನೊಂದು ದಾರಿಯಿದೆ. ಹಲವು ಕಡೆ ಅವರು ಎರಡು ವರ್ಷದ ಕೋರ್ಸನ್ನು ಸುಮಾರು ಒಂದು ವರ್ಷದಲ್ಲಿ ಮುಗಿಸಬಹುದು. ಕೇಳಿ ನೋಡಿ.

ಈಗ ಸಾಲದ ಲೆಕ್ಕ. ಕರೆನ್ಸಿ ಯಾವುದಾದರೂ ಇರಲಿ. ನೂರು ಸಾಲ ಮಾಡಿದಿರಿ, ಬಡ್ಡಿ ವರ್ಷಕ್ಕೆ ಶೇ. 10, ತೀರಿಸಲು 10 ವರ್ಷ ಅಂತಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 1.32. ಕೊನೆಗೆ ಕಟ್ಟಿರುವುದು ಸುಮಾರು 159. ಓದುವ ಎರಡು ವರ್ಷ ಕಂತು ಕಟ್ಟಬೇಕಾಗಿಲ್ಲ ಅಂದರೂ ಎಷ್ಟೋ ಸಾಲಗಳಲ್ಲಿ ಬಡ್ಡಿ ಓಡುತ್ತಲೇ ಇರುತ್ತದೆ. ಹಾಗಾಗಿ ಓದು ಮುಗಿಯುವ ಹೊತ್ತಿಗೆ ನಿಮ್ಮ ನೂರು ನೂರಾಗಿ ಉಳಿದಿರುವುದಿಲ್ಲ. ಆ ಹತ್ತು ಜಾಹೀರಾತುಗಳಲ್ಲಿ ಅತಿ ಕಡಿಮೆ ಸಂಬಳ ಯಾವುದೋ ಅದನ್ನು ಈ ಕಂತಿನ ಪಕ್ಕ ಇಟ್ಟು ನೋಡಿ. ಕಂತು ಕೈಗೆ ಬರುವ ಸಂಬಳದ ಹತ್ತನೇ ಒಂದು ಭಾಗ ದಾಟಬಾರದು ಅಂತ ನಾನು ಗೆರೆ ಹಾಕಿಕೊಂಡೆ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ನನ್ನ ಭಯದ ಅಳತೆ. ಸಾಫ್ಟ್‌ವೇರಿನವರು ಮಾಡುವಷ್ಟು ಸಾಲ ನಾವು ಮಾಡಿದರೆ ಕೊನೆಗೆ ಸಾಫ್ಟ್‌ವೇರ್ ಕೆಲಸವನ್ನೇ ಹುಡುಕಬೇಕಾಗುತ್ತದೆ, ಅಲ್ವಾ?

ಅಮೆರಿಕದ ಪ್ರಜೆಗಳಿಗೆ ಒಂದು ಮಾತು. ಸರ್ಕಾರದಲ್ಲೋ ಲಾಭರಹಿತ ಸಂಸ್ಥೆಯಲ್ಲೋ ಪೂರ್ಣಾವಧಿ ಕೆಲಸ ಮಾಡುತ್ತಾ 120 ಕಂತು ಕಟ್ಟಿದರೆ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರ ಕೊಡುವ) ಸಾಲದ ಬಾಕಿ ಮನ್ನಾ ಆಗುವ ಯೋಜನೆ ಅಲ್ಲಿ 2007ರಿಂದ ಇದೆ. ಆದರೆ 2025ರ ಕಾಯ್ದೆಯ ಪ್ರಕಾರ ಗ್ರ್ಯಾಡ್ ಪ್ಲಸ್ ಅನ್ನುವ, ಓದಿನ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಫೆಡರಲ್ ಸಾಲ 2026ರ ಜುಲೈ 1ರಿಂದ ಹೊಸಬರಿಗೆ ಸಿಗುವುದಿಲ್ಲ. ಸಾಮಾನ್ಯ ಸ್ನಾತಕೋತ್ತರ ಓದಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್. ‘ಎಷ್ಟು ಬೇಕಾದರೂ ಸಾಲ ಮಾಡಿ, ಆಮೇಲೆ ಮನ್ನಾ ಆಗುತ್ತದೆ’ ಅನ್ನುವ ಹಳೆಯ ಸಲಹೆ ಈಗ ನಡೆಯುವುದಿಲ್ಲ. ಬೇರೆ ದೇಶದಿಂದ ಸ್ಟೂಡೆಂಟ್ ವೀಸಾದಲ್ಲಿ ಹೋದವರಿಗೆ ಆ ಸಾಲ ಮೊದಲಿನಿಂದಲೂ ಇಲ್ಲ.

ಇನ್ನು ಸ್ಕಾಲರ್‌ಶಿಪ್. ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಕ್ಯಾಲೆಂಡರಿನದು. ಸೀಟು ಸಿಕ್ಕ ಮೇಲೆ ಸ್ಕಾಲರ್‌ಶಿಪ್ ಹುಡುಕೋಣ ಅಂದುಕೊಂಡೆ. ಆ ಹೊತ್ತಿಗೆ ಎಷ್ಟೋ ಬಾಗಿಲು ಮುಚ್ಚಿತ್ತು. ಬ್ರಿಟನ್ ಸರ್ಕಾರದ ಚೆವನಿಂಗ್ ಸ್ಕಾಲರ್‌ಶಿಪ್ಪಿನ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ತೆರೆದು ಅಕ್ಟೋಬರ್ ಇಲ್ಲವೇ ನವೆಂಬರಿನಲ್ಲಿ ಮುಚ್ಚುತ್ತದೆ. ಕೋರ್ಸು ಶುರುವಾಗುವುದು ಅದರ ಮುಂದಿನ ವರ್ಷ. ಅರ್ಜಿಯಲ್ಲಿ ಮೂರು ಕೋರ್ಸುಗಳ ಹೆಸರು ಕೊಡಬೇಕು. ಕನಿಷ್ಠ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು.

ಕೆಲವು ಕಡೆ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಜಪಾನ್ ಸರ್ಕಾರದ ಹಣದಲ್ಲಿ ವಿಶ್ವಬ್ಯಾಂಕ್ ನಡೆಸುವ ಸ್ಕಾಲರ್‌ಶಿಪ್ಪಿಗೆ, ಅವರ ಪಟ್ಟಿಯಲ್ಲಿರುವ ಕೋರ್ಸಿನಲ್ಲಿ ಸೀಟು ಮೊದಲೇ ಸಿಕ್ಕಿರಬೇಕು. ಪದವಿಯ ನಂತರ ಅಭಿವೃದ್ಧಿ ಕ್ಷೇತ್ರದಲ್ಲಿ ಕನಿಷ್ಠ ಮೂರು ವರ್ಷ ಕೆಲಸ ಮಾಡಿರಬೇಕು. ಯುರೋಪಿನ ಹಲವು ಯೂನಿವರ್ಸಿಟಿಗಳು ಸೇರಿ ನಡೆಸುವ ಎರಾಸ್ಮಸ್ ಮುಂಡುಸ್‌ನಲ್ಲಿ ಸೀಟು, ಸ್ಕಾಲರ್‌ಶಿಪ್ ಎರಡಕ್ಕೂ ಸಾಮಾನ್ಯವಾಗಿ ಒಂದೇ ಅರ್ಜಿ. ಕನಿಷ್ಠ ಎರಡು ದೇಶಗಳಲ್ಲಿ ಓದು. ಸ್ಕಾಲರ್‌ಶಿಪ್ ಸಿಕ್ಕರೆ ಫೀಸಿಲ್ಲ, ತಿಂಗಳಿಗೆ 1,400 ಯೂರೋ ಕೈಗೆ ಬರುತ್ತದೆ. ಪ್ರಯಾಣ, ವೀಸಾ, ಊಟ, ಬಾಡಿಗೆ ಎಲ್ಲ ಅದರಲ್ಲೇ ಆಗಬೇಕು. ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿಗೆ ಸಂಬಂಧಪಟ್ಟ ಕೋರ್ಸುಗಳಿಗೇ ಒಂದು ಸ್ಕಾಲರ್‌ಶಿಪ್ ಕೊಡುತ್ತದೆ. ಅದಕ್ಕೆ ಎರಡು ವರ್ಷದ ಅನುಭವ ಬೇಕು. ಕೊನೆಯ ಪದವಿ ಮುಗಿದು ಆರು ವರ್ಷ ದಾಟಿರಬಾರದು. ನನ್ನ ಸಹೋದ್ಯೋಗಿಯೊಬ್ಬಳು ‘ಇನ್ನೂ ಸ್ವಲ್ಪ ಅನುಭವ ಆಗಲಿ’ ಅಂತ ಕಾದು ಕಾದು ಏಳನೇ ವರ್ಷಕ್ಕೆ ಅರ್ಜಿ ತೆರೆದಳು. ಆ ಒಂದು ಸಾಲು ಓದಿ ಅರ್ಜಿ ಮುಚ್ಚಿದಳು.

ನಾನು ಮಾಡಿದ್ದು ಇಷ್ಟೇ. ಒಂದು ದೊಡ್ಡ ಹಾಳೆಯಲ್ಲಿ ಹದಿನೆಂಟು ತಿಂಗಳ ಮನೆಗಳನ್ನು ಗೀಚಿದೆ. ಸ್ಕಾಲರ್‌ಶಿಪ್ ದಿನಾಂಕಗಳನ್ನು ಕೆಂಪು ಪೆನ್ನಿನಲ್ಲಿ ಮೊದಲು ತುಂಬಿದೆ. ಯೂನಿವರ್ಸಿಟಿಗಳ ದಿನಾಂಕ ಆಮೇಲೆ, ನೀಲಿಯಲ್ಲಿ. ಕೆಂಪಿಗೆ ಹೊಂದದ ನೀಲಿಯನ್ನು ಹೊಡೆದು ಹಾಕಿದೆ. ಆರು ಅರ್ಜಿ ಮೂರಕ್ಕೆ ಇಳಿಯಿತು.

ಪರೀಕ್ಷೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಿ.ಆರ್.ಇ. (ಸ್ನಾತಕೋತ್ತರ ಪ್ರವೇಶದ ಸಾಮಾನ್ಯ ಪರೀಕ್ಷೆ) ಬೇಕೋ ಬೇಡವೋ ಮೊದಲು ನೋಡಿ, ನಮ್ಮ ಕ್ಷೇತ್ರದ ಎಷ್ಟೋ ಕೋರ್ಸುಗಳು ಅದನ್ನು ಕೇಳುವುದಿಲ್ಲ. ಕೇಳಿದರೆ, 2023ರ ಸೆಪ್ಟೆಂಬರಿನಿಂದ ಅದು ಎರಡು ಗಂಟೆಯೊಳಗಿನ ಪರೀಕ್ಷೆ, ಅಂಕಗಳು ಐದು ವರ್ಷ ನಡೆಯುತ್ತವೆ. ಇಂಗ್ಲಿಷ್ ಪರೀಕ್ಷೆಗಳಾದ ಐ.ಇ.ಎಲ್.ಟಿ.ಎಸ್., ಟೋಫೆಲ್ ಅಂಕಗಳು ಎರಡೇ ವರ್ಷ. ಅರ್ಜಿ ಶುಲ್ಕ ಕಟ್ಟುವ ಮೊದಲು ‘ಶುಲ್ಕ ವಿನಾಯಿತಿ ಇದೆಯೇ?’ ಅಂತ ಎರಡು ಸಾಲಿನ ಮೇಲ್ ಹಾಕಿ. ಮೂರು ಕಡೆ ಕೇಳಿದೆ, ಎರಡು ಕಡೆ ಬಿಟ್ಟರು.

ಅರ್ಜಿಯ ಜೊತೆ ಕೊಡುವ ಪ್ರಬಂಧಕ್ಕೆ ಮಾತ್ರ ಸಮಯ ಕೊಡಿ. ನನ್ನ ಮೊದಲ ವರ್ಷದ ಪ್ರಬಂಧ ‘ಚಿಕ್ಕಂದಿನಿಂದಲೂ ನನಗೆ ಬಡವರ ಬಗ್ಗೆ ಕಾಳಜಿ’ ಅಂತ ಶುರುವಾಗಿತ್ತು. ಈಗ ಓದಿದರೆ ಮುಖ ಬಿಸಿಯಾಗುತ್ತದೆ. ಅರ್ಜಿ ಹಾಕುವವರೆಲ್ಲರಿಗೂ ಕಾಳಜಿ ಇದ್ದೇ ಇರುತ್ತದೆ. ಪ್ರಬಂಧ ಓದುವವರಿಗೆ ಬೇಕಾದ್ದು, ನಿಮಗೆ ಏನು ಗೊತ್ತಿಲ್ಲ ಅನ್ನುವುದು ನಿಮಗೆ ಗೊತ್ತಿದೆಯೇ ಅನ್ನುವುದು.

ಎರಡನೇ ವರ್ಷ ಒಂದು ರಿಜಿಸ್ಟರಿನಿಂದ ಶುರು ಮಾಡಿದೆ. ನಾನು ಗರ್ಭಿಣಿಯರ ಆರೋಗ್ಯದ ಒಂದು ಯೋಜನೆಯಲ್ಲಿದ್ದೆ. ನಮ್ಮ ಪಟ್ಟಿಯಲ್ಲಿ 212 ಹೆಂಗಸರಿದ್ದರು. ಮೂರನೇ ತಪಾಸಣೆಗೆ 61 ಜನ ಬರಲಿಲ್ಲ. ತಿಳಿವಳಿಕೆ ಇಲ್ಲ ಅಂದುಕೊಂಡು ನಾವು ಕರಪತ್ರ ಹಂಚಿದೆವು. ಏನೂ ಆಗಲಿಲ್ಲ. ಕೊನೆಗೆ ಒಬ್ಬಾಕೆಯನ್ನು ಕೂರಿಸಿಕೊಂಡು ಕೇಳಿದಾಗ ಗೊತ್ತಾಯಿತು, ತಪಾಸಣೆಯ ದಿನವೇ ವಾರದ ಕೂಲಿ ಕೊಡುವ ದಿನ. ದಿನ ಬದಲಾಯಿಸಿದೆವು. ಮುಂದಿನ ಸರದಿಯಲ್ಲಿ ಬರುವವರು ಜಾಸ್ತಿಯಾದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅದೇ ತಿಂಗಳು ಹೊಸ ನರ್ಸ್ ಕೂಡ ಬಂದಿದ್ದರು, ತುಂಬ ಮೃದು ಸ್ವಭಾವ. ಜನ ಬಂದಿದ್ದು ದಿನ ಬದಲಾದದ್ದಕ್ಕೋ, ನರ್ಸಿನಿಂದಲೋ? ಅದನ್ನು ಬಿಡಿಸಿ ನೋಡುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಪ್ರಬಂಧದ ಮೊದಲರ್ಧ ಇಷ್ಟೇ. ಉಳಿದರ್ಧದಲ್ಲಿ, ಆ ಪ್ರಶ್ನೆಗೆ ಉತ್ತರ ಹುಡುಕಲು ಆ ಕೋರ್ಸಿನ ಯಾವ ಎರಡು ವಿಷಯ ನನಗೆ ಬೇಕು, ಕಲಿತು ಬಂದು ಎಲ್ಲಿ ಬಳಸುತ್ತೇನೆ ಅಂತ ಬರೆದೆ.

ನಿಮ್ಮ ಕೆಲಸದಲ್ಲೂ ಇಂಥದ್ದೊಂದು ಸಿಕ್ಕೇ ಸಿಗುತ್ತದೆ. ಗೆದ್ದ ಕಥೆಗಿಂತ ಅರ್ಧಕ್ಕೆ ನಿಂತ ಕಥೆ ಹುಡುಕಿ. ಬರೆದ ಮೇಲೆ ಕೋರ್ಸಿನ ಹೆಸರು ತೆಗೆದು ಇನ್ನೊಂದು ಕಾಲೇಜಿನ ಹೆಸರು ಹಾಕಿ ಓದಿ. ಏನೂ ವ್ಯತ್ಯಾಸ ಕಾಣದಿದ್ದರೆ ಉಳಿದರ್ಧವನ್ನು ಮತ್ತೆ ಬರೆಯಿರಿ. ‘ಸಬಲೀಕರಣ’, ‘ಸುಸ್ಥಿರ’ ತರಹದ ಪದಗಳ ಅಡಿ ಗೆರೆ ಎಳೆಯಿರಿ. ಆ ಜಾಗದಲ್ಲಿ ಯಾರು, ಯಾರಿಗೆ, ಏನು ಮಾಡಿದರು ಅಂತ ಬರೆಯಿರಿ.

ಶಿಫಾರಸು ಪತ್ರದಲ್ಲೂ ಕೈ ಸುಟ್ಟುಕೊಂಡೆ. ಮೊದಲ ವರ್ಷ ಸಂಸ್ಥೆಯ ದೊಡ್ಡವರನ್ನು ಕೇಳಿದೆ. ಹುದ್ದೆ ದೊಡ್ಡದು, ನನ್ನ ಪರಿಚಯ ಕಡಿಮೆ. ‘ಶ್ರಮಜೀವಿ, ಸಮಯಕ್ಕೆ ಸರಿಯಾಗಿ ಬರುತ್ತಾಳೆ’ ಅಂತ ಬರೆದುಕೊಟ್ಟರು. ಗಡಿಯಾರಕ್ಕೂ ಅದೇ ಪತ್ರ ಕೊಡಬಹುದಿತ್ತು. ಎರಡನೇ ವರ್ಷ, ನನ್ನ ಜೊತೆ ಮನೆ ಮನೆ ತಿರುಗಿದ ಮೇಲ್ವಿಚಾರಕಿಯನ್ನು ಕೇಳಿದೆ. ಆರು ವಾರ ಮೊದಲೇ ಕೇಳಿದೆ. ಒಂದು ಪುಟದಲ್ಲಿ ಮೂರು ಘಟನೆ ನೆನಪಿಸಿ ಕೊಟ್ಟೆ, ನಾನು ಎಡವಿದ ಒಂದನ್ನೂ ಸೇರಿಸಿ. ಅವರು ಅದನ್ನೇ ಬರೆದರು, ಎಡವಿದ್ದನ್ನೂ.

ಸೀಟು ಸಿಕ್ಕ ಮೇಲೆ ಇನ್ನೊಂದು ಕೆಲಸವಿದೆ. ನಾಚಿಕೆಯಿಂದ ನಮ್ಮಲ್ಲಿ ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ: ಇನ್ನೂ ಸ್ವಲ್ಪ ಹಣ ಕೇಳುವುದು. ಮೂರೂ ಕಡೆ ನಾನು ಹೀಗೆ ಬರೆದೆ. ‘ನಿಮ್ಮ ಕೋರ್ಸಿಗೇ ಬರಬೇಕು ಅಂತ ಆಸೆ. ಒಟ್ಟು ಖರ್ಚು ಇಷ್ಟು. ನನ್ನ ಉಳಿತಾಯ ಇಷ್ಟು, ಮಾಡಬಹುದಾದ ಸಾಲ ಇಷ್ಟು, ನೀವು ಕೊಟ್ಟಿರುವುದು ಇಷ್ಟು. ಇಷ್ಟು ಕಡಿಮೆ ಬೀಳುತ್ತಿದೆ. ಬೇರೊಂದು ಕಡೆ ಇಷ್ಟು ಕೊಡುತ್ತಿದ್ದಾರೆ, ಪತ್ರ ಲಗತ್ತಿಸಿದ್ದೇನೆ. ಫೀಸಿನಲ್ಲಿ ರಿಯಾಯಿತಿಯೋ ಸಂಶೋಧನಾ ಸಹಾಯಕರ ಕೆಲಸವೋ ಸಿಗಬಹುದೇ?’ ಗೋಳಿಲ್ಲ, ಲೆಕ್ಕ ಮಾತ್ರ. ಒಬ್ಬರು ಆಗುವುದಿಲ್ಲ ಅಂದರು. ಒಬ್ಬರು ಉತ್ತರವೇ ಕೊಡಲಿಲ್ಲ. ಮೂರನೆಯವರು ಫೀಸಿನಲ್ಲಿ ಕಾಲು ಭಾಗ ಇಳಿಸಿದರು. ನಾನು ಸೇರಿದ್ದು ಅಲ್ಲಿಗೇ. ‘ಸೀಟು ವಾಪಸ್ ಕಿತ್ತುಕೊಂಡರೆ?’ ಅಂತ ಹೆದರಿದ್ದೆ. ಮೂವರಲ್ಲಿ ಯಾರೂ ಕಿತ್ತುಕೊಳ್ಳಲಿಲ್ಲ. ಅಮೆರಿಕದ ಹಲವು ಯೂನಿವರ್ಸಿಟಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿವೆ. ಅದರ ಪ್ರಕಾರ, ಅವರು ಕೊಡುವ ಆರ್ಥಿಕ ನೆರವನ್ನು ಏಪ್ರಿಲ್ 15ರ ಮೊದಲೇ ಒಪ್ಪಬೇಕು ಅಂತ ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ನಿಮ್ಮದು ಆ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ.

‘ಪೂರ್ಣ ಸ್ಕಾಲರ್‌ಶಿಪ್’ ಅಂದಾಗ ಯಾವುದು ಪೂರ್ಣ ಅಂತ ಕೇಳಿ. ಫೀಸು ಮಾತ್ರವೇ? ವಿಮೆ, ವಿಮಾನ, ವೀಸಾ? ಮೊದಲ ತಿಂಗಳ ಬಾಡಿಗೆ, ಮನೆ ಮುಂಗಡ? ಜರ್ಮನಿಯ ಬಹುತೇಕ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸಿಲ್ಲ ಅಂತ ಖುಷಿಪಟ್ಟು ಹೊರಟವರು ಖಾತೆಯಲ್ಲಿ ಮುಂಚೆಯೇ ಇಡಬೇಕಾದ ಮೊತ್ತ ಕೇಳಿ ತಲೆ ಮೇಲೆ ಕೈ ಹೊತ್ತದ್ದನ್ನು ನೋಡಿದ್ದೇನೆ. ಸ್ಕಾಲರ್‌ಶಿಪ್ ಇಲ್ಲದವರು ವೀಸಾಕ್ಕೆ ವರ್ಷಕ್ಕೆ 11,904 ಯೂರೋ ತೋರಿಸಬೇಕು ಅನ್ನುವುದು 2024ರ ಸೆಪ್ಟೆಂಬರಿನಿಂದ ಬಂದ ಲೆಕ್ಕ. ಅಲ್ಲೇ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸೂ ಇದೆ. ನನಗೆ ಮೊದಲ ತಿಂಗಳ ಸ್ಟೈಪೆಂಡ್ ಬಂದದ್ದು ಆರನೇ ವಾರದಲ್ಲಿ. ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಹೋಗಿದ್ದರಿಂದ ಬಚಾವಾದೆ. ಇದನ್ನು ಹೇಳಿಕೊಟ್ಟದ್ದು ಯೂನಿವರ್ಸಿಟಿಯಲ್ಲ, ಅಲ್ಲಿ ಓದುತ್ತಿದ್ದ ಹಿರಿಯ ವಿದ್ಯಾರ್ಥಿನಿ. ಅಂಥ ಇಬ್ಬರನ್ನಾದರೂ ಹುಡುಕಿ ಮೂರು ಪ್ರಶ್ನೆ ಕೇಳಿ. ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ತಮ್ಮ ದುಡ್ಡಿನಲ್ಲಿ ಓದುತ್ತಿದ್ದಾರೆ? ಸ್ಟೈಪೆಂಡ್ ಯಾವ ತಿಂಗಳು ಕೈಗೆ ಬಂತು? ಹೋದ ವರ್ಷದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ?

ಸೇರುವ ಜಾಗ ನಿಕ್ಕಿಯಾದ ದಿನವೇ ಉಳಿದ ಕಡೆಗೆ ‘ಬರುತ್ತಿಲ್ಲ’ ಅಂತ ಬರೆದುಬಿಡಿ. ಮೊದಲ ವರ್ಷ ನಾನು ಆ ನಾಲ್ಕಕ್ಕೂ ಉತ್ತರ ಕೊಡದೆ ಸುಮ್ನೆ ಕೂತಿದ್ದೆ. ಎರಡನೇ ವರ್ಷ ನಾನೇ ಒಂದು ಕಡೆ ಕಾಯುವ ಪಟ್ಟಿಯಲ್ಲಿದ್ದೆ. ಯಾರೋ ಒಬ್ಬರು ಬರುವುದಿಲ್ಲ ಅಂತ ಬರೆದಿದ್ದರಿಂದ ಮೇ ತಿಂಗಳ ಒಂದು ಸಂಜೆ ನನಗೆ ಫೋನ್ ಬಂತು.