ಮಂಗಳೂರಿನ ಹಳೆ ಬಂದರಿನಲ್ಲಿ ಕ್ಯಾಮೆರಾ ನಡಿಗೆ: ನನ್ನ ಅನುಭವ

ಮಂಗಳೂರಿನ ಹಳೆ ಬಂದರಿನಲ್ಲಿ ಚಿತ್ರ ತೆಗೆಯಲು ಹೊರಟವರು ಮೊದಲು ಆ ನದಿ ಹರಿಯುವ ದಿಕ್ಕನ್ನು ತಿಳಿದುಕೊಳ್ಳಬೇಕು. ಗುರುಪುರ ನದಿ, ಅಂದರೆ ಫಲ್ಗುಣಿ, ಉತ್ತರದಿಂದ ಇಳಿದು ಕಡಲಿಗೆ ಸಮಾನಾಂತರವಾಗಿ ಸಾಗಿ, ದಕ್ಷಿಣದಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಅಳಿವೆ ಬಾಗಿಲಿನಲ್ಲಿ ಸಮುದ್ರ ಸೇರುತ್ತದೆ. ನದಿಗೂ ಕಡಲಿಗೂ ನಡುವೆ ಬೆಂಗರೆಯ ಮರಳುದಂಡೆ ಉದ್ದಕ್ಕೆ ಚಾಚಿಕೊಂಡಿದೆ. ದಕ್ಕೆ (ದೋಣಿ ನಿಲ್ಲುವ ಕಟ್ಟೆ), ಗೋದಾಮು, ಮಂಡಿಗಳೆಲ್ಲ ಪೂರ್ವದ ದಡದಲ್ಲಿರುವುದರಿಂದ, ಬೆಳಿಗ್ಗೆ ನದಿಗೆ ಮುಖ ಮಾಡಿ ನಿಂತವರಿಗೆ ಸೂರ್ಯ ಬೆನ್ನ ಹಿಂದಿರುತ್ತಾನೆ, ದೋಣಿಗಳ ನೀಲಿ, ಹಸಿರು, ಕೆಂಪು ಬಣ್ಣಗಳ ಮೇಲೆ ಬೆಳಕು ನೇರವಾಗಿ ಬೀಳುತ್ತದೆ. ಸಂಜೆಯಾದರೆ ಬೆಳಕು ಎದುರಿಗೆ ಬಂದು, ದೋಣಿಗಳು ಬರೀ ಕಪ್ಪು ಆಕಾರಗಳಾಗುತ್ತವೆ. ಸೂರ್ಯಾಸ್ತದ ಚಿತ್ರಗಳು ಸಾಕಷ್ಟಿವೆ. ನನಗೆ ಬೇಕಾಗಿದ್ದುದು ಅಲ್ಲಿನ ಕೆಲಸ ಮತ್ತು ಗೋಡೆಗಳು. ಆದ್ದರಿಂದ ನಾನು ಯಾವಾಗಲೂ ಬೆಳಿಗ್ಗೆಯೇ, ಹೊಯಿಗೆಬಜಾರಿನಿಂದ ಆರಂಭಿಸಿ ಉತ್ತರಕ್ಕೆ ನಡೆಯುತ್ತೇನೆ.

ಈ ದಡದ ಬದಲಾವಣೆಗೆ ಮೂಲ ಕಾರಣ ನದಿಯ ಆಳ. ಅಳಿವೆಯಲ್ಲಿ ಹೂಳು ತುಂಬುತ್ತಿದ್ದುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾಗದೆ ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಹೆಂಚು, ಕಾಫಿ, ಗೋಡಂಬಿ ಎಲ್ಲವೂ ಸಣ್ಣ ದೋಣಿಗಳಲ್ಲಿ ಅಲ್ಲಿಯವರೆಗೆ ಹೋಗಬೇಕಿತ್ತು. 1970ರ ದಶಕದ ನಡುವಿನಲ್ಲಿ ಪಣಂಬೂರಿನ ನವಮಂಗಳೂರು ಬಂದರು ಕೆಲಸ ಆರಂಭಿಸಿದ ಮೇಲೆ ದೊಡ್ಡ ಸರಕಿನ ವ್ಯಾಪಾರ ಅಲ್ಲಿಗೆ ಸರಿಯಿತು. ಹಳೆ ಬಂದರಿಗೆ ಉಳಿದದ್ದು ಮೀನುಗಾರಿಕೆ, ಸಗಟು ಮಂಡಿಗಳು ಮತ್ತು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು.

ಈ ಮಂಜಿಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಮರದ ಒಡಲಿನ ಈ ಸರಕು ನೌಕೆಗಳಲ್ಲಿ ಜಲ್ಲಿ, ಸಿಮೆಂಟ್, ಕಬ್ಬಿಣದ ಸರಳು, ತರಕಾರಿ, ದಿನಸಿ, ಕೆಲವೊಮ್ಮೆ ದನಕರುಗಳೂ ದ್ವೀಪಗಳಿಗೆ ಹೋಗುತ್ತವೆ. ಹಮಾಲಿಗಳು ದಡದಿಂದ ನೌಕೆಗೆ ಹಾಕಿದ ಹಲಗೆಯ ಮೇಲೆ ತಲೆಹೊರೆ ಹೊತ್ತು ನಡೆಯುವಾಗ, ಹಲಗೆ ನಡುವಿನಲ್ಲಿ ಬಾಗಿ, ಪಾದ ಎತ್ತಿದ ಕ್ಷಣದಲ್ಲಿ ಮತ್ತೆ ಮೇಲಕ್ಕೇಳುತ್ತದೆ. ಆ ಬಾಗು ಚಿತ್ರದಲ್ಲಿ ಕಾಣಬೇಕಾದರೆ ಹಲಗೆಯ ಪಕ್ಕಕ್ಕೆ, ಅದರ ಮಟ್ಟಕ್ಕೆ ತಗ್ಗಿ ಕೂರಬೇಕು. ಎದುರಿನಿಂದ ತೆಗೆದರೆ ಮನುಷ್ಯ ಕಾಣುತ್ತಾನೆ, ಹೊರೆಯ ಭಾರ ಕಾಣುವುದಿಲ್ಲ. ದೂರದ ಲೆನ್ಸಿಗಿಂತ 35 ಮಿ.ಮೀ. ಲೆನ್ಸ್ ನನಗೆ ಇಲ್ಲಿ ಒಗ್ಗಿದೆ, ಏಕೆಂದರೆ ಅದನ್ನು ಹಿಡಿದವರು ಹತ್ತಿರ ಹೋಗಲೇಬೇಕು, ಹತ್ತಿರ ಹೋದವರು ಮಾತನಾಡಿಸಲೇಬೇಕು. ಮಳೆಗಾಲದಲ್ಲಿ, ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಮಂಜಿಗಳ ಸಂಚಾರ ನಿಲ್ಲುತ್ತದೆ. ಹಲಗೆಗಳ ಸಂದಿಗೆ ಹತ್ತಿಯ ಎಳೆಯನ್ನು ಉಳಿಯಿಂದ ತುರುಕಿ, ಮೇಲೆ ಎಣ್ಣೆ ಬಳಿಯುವ ದುರಸ್ತಿಯ ಕೆಲಸವನ್ನು ಆ ಬಿಡುವಿನಲ್ಲಿ ನಿಧಾನವಾಗಿ ನೋಡಬಹುದು.

ಮೀನುಗಾರಿಕಾ ದಕ್ಕೆಯ ವಿಷಯ ಬೇರೆ. ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಟ್ರಾಲ್ ಬೋಟುಗಳಿಂದ ಮೀನಿನ ಬುಟ್ಟಿಗಳು ಇಳಿಯುತ್ತಿರುತ್ತವೆ, ಬಂಗುಡೆ, ಬೂತಾಯಿ, ಅಂಜಲ್ ರಾಶಿಗಳ ಸುತ್ತ ಏಲಂ ಕೂಗುತ್ತಿರುತ್ತಾರೆ, ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದು. ದಾರಿಗೆ ಅಡ್ಡ ನಿಲ್ಲದಿರುವುದೇ ಅಲ್ಲಿ ಮೊದಲ ನಿಯಮ. ಒಬ್ಬ ಹಿರಿಯ ಮೀನುಗಾರ ಮಹಿಳೆಯ ಬಳಿ ‘ಅಕ್ಕಾ, ಒಂದು ಫೋಟೋ ತೆಗೆಯಲಾ’ ಎಂದು ಕೇಳಿದಾಗ, ಅವರು ಬುಟ್ಟಿಯಿಂದ ತಲೆ ಎತ್ತದೆ ‘ಬೊಡ್ಚಿ (ತುಳುವಿನಲ್ಲಿ ಬೇಡ) ಮಗಾ, ಮೊದಲು ಮೀನು ಹೋಗಲಿ’ ಎಂದರು. ಮೀನು ಮಾರಾಟವಾಗುವವರೆಗೂ ಕಾದೆ. ಆಮೇಲೆ ಅವರೇ ಕರೆದು, ಖಾಲಿ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಸೆರಗು ಸರಿಪಡಿಸಿಕೊಂಡು ನಿಂತರು. ಅವರಿಗೆ ತಮ್ಮ ಚಿತ್ರ ಹೇಗಿರಬೇಕೆಂಬ ಸ್ಪಷ್ಟ ಕಲ್ಪನೆಯಿತ್ತು, ಅದನ್ನು ಗೌರವಿಸುವುದು ನನ್ನ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಇದೇ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತು, ನದಿಯ ನೀರು ಕಾಣುವುದೇ ಕಷ್ಟವಾಗುತ್ತದೆ. ಋತುವಿನ ಈ ವ್ಯತ್ಯಾಸವನ್ನು ತಿಳಿಯದವರು ಆಗಸ್ಟಿನ ಚಿತ್ರವನ್ನೂ ಜುಲೈ ತಿಂಗಳ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, ಬಂದರು ಬರಿದಾಯಿತೆಂದು ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ.

ದಕ್ಕೆಯಿಂದ ಒಳಗಿನ ಬೀದಿಗಳಿಗೆ ತಿರುಗಿದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮರದ ದಪ್ಪ ಬಾಗಿಲು, ಇಳಿಜಾರು ಹೆಂಚಿನ ಮಾಡುಗಳ ಗೋದಾಮುಗಳು ಸಿಗುತ್ತವೆ. ಹಲವು ಇನ್ನೂ ಬಳಕೆಯಲ್ಲಿವೆ; ಕೆಲವು ಬೀಗ ಹಾಕಿಕೊಂಡಿವೆ, ಕೆಲವನ್ನು ಕೆಡವಿ ಕಾಂಕ್ರೀಟಿನ ಕಟ್ಟಡ ಎಬ್ಬಿಸಲಾಗಿದೆ. ಕೆಡವಿದ ಜಾಗದಲ್ಲಿ ಹೆಂಚುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರೆ ನಾನು ಒಂದನ್ನು ಮಗುಚಿ ನೋಡದೆ ಮುಂದೆ ಹೋಗುವುದಿಲ್ಲ. ಅಡಿಭಾಗದಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹೆಂಚಿನ ಮೇಲೆ 1865 ಎಂದಿದ್ದರೆ ಅದು ಜೆಪ್ಪುವಿನ ಕಾರ್ಖಾನೆ ಆರಂಭವಾದ ವರ್ಷ. ಆ ಹೆಂಚು ಸುಟ್ಟ ವರ್ಷವೆಂದು ಬರೆದುಕೊಂಡರೆ ಕಟ್ಟಡದ ವಯಸ್ಸೇ ತಪ್ಪುತ್ತದೆ. ಈ ಅಚ್ಚನ್ನು ನೇರ ಬೆಳಕಿನಲ್ಲಿ ತೆಗೆದರೆ ಅಕ್ಷರಗಳು ಅಳಿಸಿಹೋದಂತೆ ತೋರುತ್ತವೆ. ಹೆಂಚನ್ನು ಓರೆಯಾಗಿ ಹಿಡಿದು, ಬೆಳಗಿನ ಬಿಸಿಲು ಅದರ ಮೈಮೇಲೆ ಸವರಿಕೊಂಡು ಹೋಗುವಂತೆ ಮಾಡಿದಾಗ, ಪ್ರತಿ ಅಕ್ಷರದ ಪಕ್ಕದಲ್ಲಿ ಸಣ್ಣ ನೆರಳು ಮೂಡಿ, ಸವೆದ ಅಚ್ಚನ್ನೂ ಓದಬಹುದು.

ಕುದ್ರೋಳಿ, ಬೋಳೂರು ದಾಟಿ ಸುಲ್ತಾನ್ ಬತ್ತೇರಿ ತಲುಪಿದಾಗ ನನ್ನ ನಡಿಗೆ ಮುಗಿಯುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕಾವಲು ಗೋಪುರದ ಚಿತ್ರಗಳಿಗೆ ಕೊರತೆಯಿಲ್ಲ. ನಾನು ಅಲ್ಲಿಂದ ತಣ್ಣೀರುಬಾವಿಗೆ ದೋಣಿ ಹತ್ತುವವರನ್ನು ಗಮನಿಸುತ್ತೇನೆ.

ಇಷ್ಟೂ ದಾರಿಯಲ್ಲಿ ನಾನು ಕೆಲವು ನಿಲುಗಡೆಗಳನ್ನು ಗೊತ್ತುಮಾಡಿಕೊಂಡಿದ್ದೇನೆ. ದೋಣಿಯ ಹಗ್ಗ ಕಟ್ಟುವ ಒಂದು ಬೊಲ್ಲಾರ್ಡಿನ ಪಕ್ಕ, ಒಂದು ಗೋದಾಮಿನ ಮೆಟ್ಟಿಲು, ಬೆಂಗರೆಯ ದೋಣಿ ಬಂದು ನಿಲ್ಲುವ ಕಟ್ಟೆ, ಹೀಗೆ. ಅದೇ ಜಾಗ, ಅದೇ ಲೆನ್ಸ್, ಅದೇ ಎತ್ತರದಿಂದ ಋತು ಬದಲಾದಾಗಲೆಲ್ಲ ಮತ್ತೆ ತೆಗೆಯುತ್ತೇನೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೇತ್ರಾವತಿಯ ದಡಕ್ಕೆ ವಾಯುವಿಹಾರದ ಪಥ ಬಂದಿರುವಾಗ, ನದಿ ಈಗ ನಗರಕ್ಕೆ ನೋಡುವ ತಾಣವಾಗುತ್ತಿದೆ. ಜನರು ನದಿಯ ಹತ್ತಿರ ಬರುವುದು ಒಳ್ಳೆಯದೇ. ಆದರೆ ನೋಡಲು ಬರುವವರಿಗೆ ಜಾಗ ಮಾಡುವಾಗ ಬಲೆ ಹರಡುವವರಿಗೆ, ಮೀನು ಒಣಗಿಸುವವರಿಗೆ, ಹೊರೆ ಇಳಿಸುವವರಿಗೆ ಎಷ್ಟು ಜಾಗ ಉಳಿಯಿತು ಎಂಬುದನ್ನು ಒಂದೇ ಚೌಕಟ್ಟಿನ ಚಿತ್ರಗಳ ಸಾಲು ಮಾತ್ರ ಪ್ರಾಮಾಣಿಕವಾಗಿ ತೋರಿಸಬಲ್ಲದು. ಅದಕ್ಕಾಗಿ ಪ್ರತಿ ಚಿತ್ರದ ಜೊತೆಗೆ ದಿನಾಂಕ, ಸಮಯ, ನೀರಿನ ಉಬ್ಬರವೋ ಇಳಿತವೋ, ಮತ್ತು ಆ ಹೊತ್ತಿನಲ್ಲಿ ಅಲ್ಲಿ ಯಾವ ಕೆಲಸ ನಡೆಯುತ್ತಿತ್ತು ಎಂಬುದನ್ನು ಅಂದೇ ಬರೆದಿಡುತ್ತೇನೆ. ಮುದ್ರಿಸಿದ ಪ್ರತಿಗಳನ್ನು ಮುಂದಿನ ಸಲ ಹೋಗುವಾಗ ಒಯ್ಯುತ್ತೇನೆ. ಅವನ್ನು ನೋಡಿದ ಹಮಾಲಿಗಳೂ ದೋಣಿ ನಡೆಸುವ ತಂಡೇಲರೂ ‘ಇಲ್ಲಿ ಮೊದಲು ಉಪ್ಪಿನ ಮೂಟೆ ಇಳಿಸುತ್ತಿದ್ದರು’, ‘ಈ ಗೋಡೆಯ ಆಚೆ ನೀರಿತ್ತು’ ಎಂದು ತೋರಿಸುವ ಜಾಗಗಳೇ ನನ್ನ ಮುಂದಿನ ನಿಲುಗಡೆಗಳಾಗುತ್ತವೆ.