ಬೀಗ ಹಾಕಿದ ಮನೆಯನ್ನೂ ಎಣಿಸಿ: ಗುಳೆ ಸಮೀಕ್ಷೆಗೆ ಮನೆ ಆರಿಸುವ ಬಗೆ

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟು ಮನೆಗಳಿಂದ ಜನ ಗುಳೆ, ಅಂದರೆ ದುಡಿಮೆ ಹುಡುಕಿ ಊರು ಬಿಟ್ಟು, ಹೋಗುತ್ತಾರೆ? ಬಸ್ ನಿಲ್ಲುವ ಊರಿಗೆ ಹೋಗಿ, ಕಟ್ಟೆ ಮೇಲೆ ಕೂತವರನ್ನು ಕೇಳಿ ಬಂದರೆ ಸಿಗುವುದು ಊರಲ್ಲೇ ಉಳಿದವರ ಲೆಕ್ಕ.

ಮೊದಲು ಸಂಖ್ಯೆ. ವಿಶ್ವಾಸ ಮಟ್ಟ (ಇಂಥ ನೂರು ಸಮೀಕ್ಷೆಗಳಲ್ಲಿ ಎಷ್ಟು ಸರಿ ಬರಬೇಕು) ಶೇ 95, ತಪ್ಪಿನ ಅಂತರ (ಉತ್ತರ ಆಚೀಚೆ ಎಷ್ಟು ಸರಿಯಬಹುದು) ಶೇ 5, ಗುಳೆಯ ಪ್ರಮಾಣ ತಿಳಿಯದ್ದರಿಂದ ಶೇ 50 ಎಂದಿಟ್ಟುಕೊಳ್ಳಿ: ಮಾದರಿ ಗಾತ್ರದ ಸೂತ್ರದಂತೆ 385 ಮನೆ. ಆದರೆ ನಾವು ಮೊದಲು ಊರು, ಆಮೇಲೆ ಮನೆ ಆರಿಸುತ್ತೇವೆ. ಒಂದೇ ಊರಿನವರ ಬದುಕು ಹೆಚ್ಚುಕಡಿಮೆ ಒಂದೇ ತೆರನಾದ್ದರಿಂದ 1.5ರಿಂದ ಗುಣಿಸಿ: 578. ಹತ್ತರಲ್ಲೊಂದು ಮನೆಯವರು ಸಿಗಲಾರರೆಂದು 0.9ರಿಂದ ಭಾಗಿಸಿ: 643. ಊರಿಗೆ 15 ಮನೆಯಂತೆ 43 ಊರು ಸಾಕು.

2011ರ ಜನಗಣತಿಯ ಊರುಪಟ್ಟಿ ತೆಗೆದುಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಊರುಗಳನ್ನು ಮೇಲೆ, ಮಳೆ ನಂಬಿದವನ್ನು ಕೆಳಗೆ ಬರೆಯಿರಿ. ತಾಲ್ಲೂಕಿನ ಗಡಿ ನೋಡಿ ವಿಂಗಡಿಸಬೇಡಿ, ಒಂದೇ ತಾಲ್ಲೂಕಿನಲ್ಲಿ ಎರಡೂ ಇರುತ್ತವೆ. ಪ್ರತಿ ಊರಿನ ಮನೆಗಳನ್ನು ಕೂಡಿಸುತ್ತಾ ಹೋಗಿ, ಒಟ್ಟು ಮೊತ್ತವನ್ನು 43ರಿಂದ ಭಾಗಿಸಿ. ಬರುವುದೇ ಊರಿಂದೂರಿಗೆ ಅಂತರ. ಅದು 2,000 ಬಂದರೆ 1ರಿಂದ 2,000ದೊಳಗೆ ಚೀಟಿ ಎತ್ತಿ. 731 ಬಂದರೆ ಮುಂದಿನವು 2,731, 4,731... ಆ ಸಂಖ್ಯೆ ಯಾವ ಊರಿನ ಪಾಲಿಗೆ ಬೀಳುತ್ತದೋ ಅದೇ ನಿಮ್ಮ ಊರು. ದೊಡ್ಡ ಊರಿಗೆ ಹೆಚ್ಚು ಅವಕಾಶ, ಸಣ್ಣದಕ್ಕೆ ಕಡಿಮೆ. ಪ್ರತಿ ಊರಲ್ಲೂ 15 ಮನೆಯೇ ಆದ್ದರಿಂದ ಕೊನೆಗೆ ಎಲ್ಲ ಮನೆಗಳಿಗೂ ಸಮಪಾಲು.

ಊರಿಗೆ ಹೋದ ಮೇಲೆ ಮನೆಪಟ್ಟಿ ಹೊಸದಾಗಿ ಮಾಡಿ. ಮತದಾರರ ಪಟ್ಟಿ ನೆಚ್ಚಬೇಡಿ. ಊರಿಗೆ ಸೇರಿದ ತಾಂಡಾ, ದೊಡ್ಡಿ, ಕ್ಯಾಂಪ್‌ನಂಥ ಬಿಡಿ ವಸತಿಗಳನ್ನು ಬಿಟ್ಟರೆ ಕೂಲಿಕಾರರೇ ಬಿಟ್ಟುಹೋಗುತ್ತಾರೆ. 312 ಮನೆಗಳಿದ್ದರೆ 312ನ್ನು 15ರಿಂದ ಭಾಗಿಸಿದ ಅಂತರ 20.8. ಆ ಅಂತರದೊಳಗೆ ಚೀಟಿ ಎತ್ತಿ ಬಂದ ಶುರು 9.4 ಆದರೆ 9.4, 30.2, 51.0, ಮೇಲಕ್ಕೆ ಪೂರ್ಣಗೊಳಿಸಿ: 10, 31, 51ನೇ ಮನೆ. ಅಂತರವನ್ನೇ 21 ಮಾಡಬೇಡಿ, ಶುರು ದೊಡ್ಡದಾದರೆ ಕೊನೆಯ ಮನೆಗೆ ಪಟ್ಟಿಯೇ ಸಾಲದು. ಊರು ಆರಿಸಿದ್ದು 2011ರ ಎಣಿಕೆಯಿಂದ, ಆಗ 260 ಮನೆ ಇದ್ದರೆ ಸಮಪಾಲು ಕೆಡುತ್ತದೆ; ಅದನ್ನು ಸರಿಪಡಿಸಲು, ಲೆಕ್ಕ ಕಟ್ಟುವಾಗ ಈ ಊರಿನ ಮನೆಗಳಿಗೆ 312 ಭಾಗಿಸು 260, ಅಂದರೆ 1.2 ತೂಕ ಕೊಡಿ.

31ನೇ ಮನೆಗೆ ಬೀಗವಿದೆ. ಪಕ್ಕದ 32ಕ್ಕೆ ಹೋಗಿಬಿಡುವ ಆಸೆ ಪ್ರತಿ ಗಣತಿದಾರನಿಗೂ ಬರುತ್ತದೆ. ಇಡೀ ಸಮೀಕ್ಷೆ ಕೆಡುವುದು ಅಲ್ಲೇ. ಬೀಗವೇ ಗುಳೆಯ ಗುರುತಾಗಿರಬಹುದು. ಬೇರೆ ಬೇರೆ ದಿನ ಮೂರು ಸಲ ಹೋಗಿ, ಒಮ್ಮೆಯಾದರೂ ಬೆಳಗಿನ ಆರಕ್ಕೆ ಇಲ್ಲವೇ ರಾತ್ರಿ ಏಳರ ಮೇಲೆ. ಆಗಲೂ ಸಿಗದಿದ್ದರೆ ಎರಡು ನೆರೆಮನೆಗಳಲ್ಲಿ ಬೇರೆಬೇರೆಯಾಗಿ ಕೇಳಿ: ಎಂದು ಹೋದರು, ಎಷ್ಟು ಮಂದಿ, ದುಡಿಯಲೋ ಮದುವೆಗೋ. ಇದನ್ನು ‘ನೆರೆಯವರ ಮಾತು’ ಎಂಬ ಬೇರೆ ಸಂಕೇತದಡಿ ಬರೆಯಿರಿ. ‘ಮನೆ ಖಾಲಿ’, ‘ಬೀಗ’, ‘ನಿರಾಕರಣೆ’ ಮೂರಕ್ಕೂ ಬೇರೆಬೇರೆ ಸಂಕೇತವಿರಲಿ. ಬದಲಿ ಮನೆಗೆ ನಮೂನೆಯಲ್ಲಿ ಜಾಗವನ್ನೇ ಇಡಬೇಡಿ.